ಯಕ್ಷಗಾನದ ಚೆಂಡೆ ರಾತ್ರಿ ಅಷ್ಟು ದೂರ ಕೇಳಿಸುವುದೇಕೆ?

ರಾತ್ರಿ ನೆಲ ತಣ್ಣಗಾಗುವುದೇ ಇದಕ್ಕೆ ಮುಖ್ಯ ಕಾರಣ. ಊರಿನ ನಿಶ್ಶಬ್ದ ಅದಕ್ಕೆ ಒದಗುವ ಅನುಕೂಲವಷ್ಟೆ. ಬಿಸಿ ಗಾಳಿಯಲ್ಲಿ ಸದ್ದು ಹೆಚ್ಚು ವೇಗವಾಗಿ ಸಾಗುವುದರಿಂದ ಅದು ತಂಪು ಗಾಳಿಯ ಕಡೆಗೆ ಬಾಗುತ್ತದೆ. ಹಾಗಾಗಿ ಹಗಲು ಕಾದ ನೆಲದ ಬಳಿ ಹೊರಟ ಅಲೆ ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಕೆಳಗೆ ತಂಪು, ಮೇಲೆ ಬೆಚ್ಚಗಿನ ಗಾಳಿ ಇರುವುದರಿಂದ ಅದೇ ಅಲೆ ಕೆಳಕ್ಕೆ ಬಾಗಿ ದೂರದ ಮನೆಯಂಗಳಕ್ಕೆ ಇಳಿಯುತ್ತದೆ. ಕೊಯ್ಲಾದ ಗದ್ದೆಗಳಲ್ಲಿ ನಡೆಯುತ್ತಿದ್ದ ಬಯಲಾಟಗಳಿಗೆ ಚಳಿಗಾಲದ ಇಂಥ ರಾತ್ರಿಗಳು ಧಾರಾಳವಾಗಿ ದೊರೆಯುತ್ತಿದ್ದವು. ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಮೈಕು ಬರುವ ಮುನ್ನ ಆಟ ಎಲ್ಲಿದೆ ಎಂದು ಸಾರುತ್ತಿದ್ದುದೇ ಕೇಳಿಯ, ಅಂದರೆ ಆಟಕ್ಕೆ ಮುನ್ನ ಬಾರಿಸುವ, ಚೆಂಡೆ. ತೆಂಗಿನ ಗರಿಯ ಸೂಡಿ (ಪಂಜು) ಹಿಡಿದವರು ಆ ಸದ್ದಿನ ಜಾಡಿನಲ್ಲಿಯೇ ಗದ್ದೆಯಂಚು ದಾಟುತ್ತಿದ್ದರು. ಮದ್ದಳೆ ಮಾತ್ರ ರಂಗಸ್ಥಳ ಹತ್ತಿರವಾದ ಮೇಲೆಯೇ ಕಿವಿಗೆ ಬೀಳುತ್ತಿತ್ತು.