ಸಂಪಾದಕರ ಉತ್ತರ: ವಿಮೆ ಇಲ್ಲ, ಆತಂಕದ ಮಾತ್ರೆಗೆ ದುಡ್ಡು ಹೊಂದಿಸುವುದು ಹೇಗೆ?

ತಿಪಟೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಒಂದು ವರ್ಷದಿಂದ ವಿಪರೀತ ಆತಂಕ, ಎದೆ ಡವಡವ, ನಿದ್ದೆ ಇಲ್ಲ. ತುಮಕೂರಿನ ಖಾಸಗಿ ಡಾಕ್ಟರು ಎಸ್ಸಿಟಾಲೊಪ್ರಾಮ್, ಕ್ಲೊನಾಜೆಪಾಮ್ ಎರಡೂ ಸೇರಿದ ಒಂದು ಮಾತ್ರೆ ಬರೆದುಕೊಟ್ಟರು, ಗುಣ ಕಂಡಿತು. ಆದರೆ ಮಾತ್ರೆ, ಫೀಸು, ಬಸ್ಸು ಎಲ್ಲ ಸೇರಿ ತಿಂಗಳಿಗೆ 1,500 ರೂಪಾಯಿ ದಾಟುತ್ತದೆ. ಉಳಿಸೋಣವೆಂದು ಎರಡು ತಿಂಗಳಿಂದ ದಿನ ಬಿಟ್ಟು ದಿನ ನುಂಗುತ್ತಿದ್ದೇನೆ. ಆಗಾಗ ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತದೆ. ಈಗ ವಿಮೆ ಮಾಡಿಸಿದರೆ ಮಾತ್ರೆ ಖರ್ಚು ಸಿಗುತ್ತದೆಯೇ? ಸರ್ಕಾರಿ ಮಾತ್ರೆ ಕೆಲಸ ಮಾಡುತ್ತದೆಯೇ?"

ನಿಮ್ಮ ಪ್ರಶ್ನೆಗಳಿಗೆ ಬರುವ ಮೊದಲು ಆ ಕರೆಂಟಿನ ವಿಷಯ. ಅದು ಕಾಯಿಲೆ ಜಾಸ್ತಿಯಾದ ಗುರುತಾಗಿರುವ ಸಾಧ್ಯತೆ ಕಡಿಮೆ. ದಿನ ಬಿಟ್ಟು ದಿನ ನುಂಗುವುದರ ಫಲವೇ ಇರಬಹುದು. ಎಸ್ಸಿಟಾಲೊಪ್ರಾಮ್ ಸುಮಾರು 30 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ದಿನಾ ನುಂಗಿದಾಗ ಮಟ್ಟ ಹೆಚ್ಚುಕಡಿಮೆ ಸಮವಾಗಿರುತ್ತದೆ, ದಿನ ಬಿಟ್ಟರೆ ಏರಿಳಿತ ಶುರುವಾಗುತ್ತದೆ. ತಲೆಸುತ್ತು, ವಾಕರಿಕೆ, ಸಿಡಿಮಿಡಿ, ತಲೆಯೊಳಗೆ ಜುಮ್ ಎನ್ನುವುದು ಇವೆಲ್ಲ ಆ ಇಳಿತದ ಲಕ್ಷಣಗಳು. ವೆನ್ಲಾಫ್ಯಾಕ್ಸಿನ್, ಪ್ಯಾರೊಕ್ಸೆಟಿನ್ ಎಂಬ ಇದೇ ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಜೋರು. ನಿಮ್ಮ ಮಾತ್ರೆಯಲ್ಲಿರುವ ಕ್ಲೊನಾಜೆಪಾಮ್ ಬೇರೆಯೇ ಜಾತಿಯದು. ಬಹಳ ಕಾಲ ತೆಗೆದುಕೊಂಡವರು ಅದನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಆದ್ದರಿಂದ ಪೂರ್ತಿ ಬಿಡಬೇಡಿ, ನೀವಾಗಿಯೇ ಹೆಚ್ಚುಕಡಿಮೆಯನ್ನೂ ಮಾಡಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಹೀಗೆ ನುಂಗುತ್ತಿದ್ದೇನೆ, ಕಾರಣ ದುಡ್ಡು ಎಂದು ಹೇಳಿಬಿಡಿ. ಅದರಲ್ಲಿ ಸಂಕೋಚ ಬೇಡ. ಗೊತ್ತಿಲ್ಲದಿದ್ದರೆ ಅವರು ಮಾತ್ರೆ ಸಾಲುತ್ತಿಲ್ಲವೆಂದುಕೊಂಡು ಡೋಸ್ ಏರಿಸಿಬಿಡಬಹುದು.

ಇನ್ನು ವಿಮೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೇ ಕಲಂ ಹೇಳುತ್ತದೆ, ನಿಜ. ಆದರೆ ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದ ಖರ್ಚಿಗೆ ಇರುವಂಥವು. ಹೊರರೋಗಿಯಾಗಿ ತಿಂಗಳು ತಿಂಗಳು ಕೊಳ್ಳುವ ಮಾತ್ರೆ ಅದರೊಳಗೆ ಬರುವುದಿಲ್ಲ. ವಿಮೆ ಇರುವ ನಿಮ್ಮ ಪಕ್ಕದ ಮನೆಯವರೂ ಇದೇ ಮಾತ್ರೆಗೆ ಕೈಯಿಂದಲೇ ದುಡ್ಡು ಕೊಡಬೇಕು. ಬೇರೆ ಕಾರಣಕ್ಕೆ ವಿಮೆ ಮಾಡಿಸುವುದಾದರೆ ಮಾಡಿಸಿ, ಆದರೆ ಅರ್ಜಿಯಲ್ಲಿ ಈ ಕಾಯಿಲೆಯನ್ನು ಬರೆಯಲೇಬೇಕು. ಏಜೆಂಟ್ "ಇದೆಲ್ಲ ಯಾಕೆ ಹಾಕ್ತೀರಿ" ಎಂದರೂ ಬರೆಯಿರಿ, ಮುಚ್ಚಿಟ್ಟದ್ದು ಗೊತ್ತಾದರೆ ನಾಳೆ ಕ್ಲೇಮ್ ತಿರಸ್ಕಾರವಾಗುತ್ತದೆ. ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ಹಾಗಾದರೆ ದುಡ್ಡು ಸೋರುತ್ತಿರುವುದು ಎಲ್ಲಿ? ನಿಮ್ಮ ಚೀಟಿಯಲ್ಲಿ.

ಎಸ್ಸಿಟಾಲೊಪ್ರಾಮ್ ಮತ್ತು ಕ್ಲೊನಾಜೆಪಾಮ್ ಬಿಡಿಬಿಡಿಯಾಗಿ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಆ ಪಟ್ಟಿಯ ಔಷಧಕ್ಕೆ ಕೇಂದ್ರ ಸರ್ಕಾರ ಗರಿಷ್ಠ ದರ ಕಟ್ಟುತ್ತದೆ, ಯಾವ ಕಂಪನಿಯೂ ಅದನ್ನು ಮೀರುವಂತಿಲ್ಲ. ಎರಡನ್ನೂ ಒಂದೇ ಮಾತ್ರೆಯಾಗಿ ಬೆರೆಸಿದರೆ ಅದು ಪಟ್ಟಿಯ ಹೊರಗೆ ನಿಲ್ಲುತ್ತದೆ. ಪಟ್ಟಿಯ ಆ ಗರಿಷ್ಠ ದರ ಅದಕ್ಕೆ ಅನ್ವಯಿಸುವುದಿಲ್ಲ, ಬೆಲೆಯನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಕಟ್ಟಳೆ ಇದೆ. ಕಂಪನಿಗಳಿಗೆ ಕಾಂಬಿನೇಷನ್ ಮೇಲೆ ಇಷ್ಟೊಂದು ಪ್ರೀತಿ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ದುಡ್ಡಿನ ಮಾತು ಬಿಟ್ಟರೂ ವೈದ್ಯಕೀಯವಾಗಿ ಇದು ಒಳ್ಳೆಯ ರೂಢಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಎಸ್ಸಿಟಾಲೊಪ್ರಾಮ್ ಹಿಡಿತಕ್ಕೆ ಬರಲು ಎರಡರಿಂದ ಆರು ವಾರ ಬೇಕು, ಮೊದಲ ವಾರಗಳಲ್ಲಿ ಆತಂಕ ಸ್ವಲ್ಪ ಹೆಚ್ಚುವುದೂ ಉಂಟು. ಆ ಅಂತರ ದಾಟಿಸಲು ಕೆಲವು ವಾರಗಳ ಮಟ್ಟಿಗೆ ಕ್ಲೊನಾಜೆಪಾಮ್ ಕೊಡುತ್ತಾರೆ. ಎರಡೂ ಒಂದೇ ಮಾತ್ರೆಯಲ್ಲಿದ್ದರೆ ಒಂದನ್ನು ಇಳಿಸಿ ಇನ್ನೊಂದನ್ನು ಉಳಿಸಿಕೊಳ್ಳುವುದು ಸಾಧ್ಯವೇ ಇಲ್ಲ. ಹಾಗಾಗಿ ವಾರಗಳ ಔಷಧ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಡಾಕ್ಟರಿಗೆ ನೀವು ಕೇಳಬೇಕಾದದ್ದು ಇಷ್ಟು: "ಸರ್, ಎರಡೂ ಮಾತ್ರೆ ಬೇರೆ ಬೇರೆಯಾಗಿ, ಜನರಿಕ್ ಹೆಸರಿನಲ್ಲಿ ಬರೆದುಕೊಡಿ. ಕ್ಲೊನಾಜೆಪಾಮ್ ಇಳಿಸಬಹುದೇ ನೋಡಿ." ಜನರಿಕ್ ಎಂದರೆ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ಔಷಧದ ಹೆಸರು. ಚೀಟಿಯ ಮೇಲೆ ಬ್ರ್ಯಾಂಡ್ ಹೆಸರಿದ್ದರೆ ಅಂಗಡಿಯವರು ಅದೇ ಔಷಧದ ಬೇರೆ ಬ್ರ್ಯಾಂಡ್ ಕೊಡಲು ಔಷಧ ನಿಯಮಗಳು ಬಿಡುವುದಿಲ್ಲ. ಎಷ್ಟೋ ಕಡೆ ಕೊಡುತ್ತಾರೆ, ಆ ಮಾತು ಬೇರೆ. ಜನರಿಕ್ ಹೆಸರಿದ್ದರೆ ಅಗ್ಗದ್ದನ್ನು ಕೇಳಿ ಪಡೆಯುವ ಹಕ್ಕು ನಿಮ್ಮದು. ಕಾಯಿಲೆ ಹತೋಟಿಗೆ ಬಂದಿದ್ದರೆ ಎಸ್ಸಿಟಾಲೊಪ್ರಾಮ್ ಅನ್ನು ಮೂರು ತಿಂಗಳಿಗೆ ಬರೆಯಬಹುದೇ ಎಂದೂ ಕೇಳಿ. ಹನ್ನೆರಡು ಭೇಟಿ ನಾಲ್ಕಕ್ಕೆ ಇಳಿದರೆ ಫೀಸು, ಬಸ್ಸು, ಒಂದು ದಿನದ ಹೊಲಿಗೆ ಎಲ್ಲವೂ ಉಳಿಯುತ್ತವೆ. ನಿಮ್ಮ 1,500 ರೂಪಾಯಿಯಲ್ಲಿ ಇದಕ್ಕೂ ದೊಡ್ಡ ಪಾಲು ಹೋಗುತ್ತಿರಬಹುದು. ಕ್ಲೊನಾಜೆಪಾಮ್‌ಗೆ ಮಾತ್ರ ಮೂರು ತಿಂಗಳ ಚೀಟಿ ನಿರೀಕ್ಷಿಸಬೇಡಿ.

ಆ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋಗಿ. ಹೆಸರಾಂತ ಬ್ರ್ಯಾಂಡುಗಳಿಗಿಂತ ಅಲ್ಲಿ ದರ ಅರ್ಧದಷ್ಟು, ಕೆಲವದಕ್ಕೆ ಅದಕ್ಕಿಂತಲೂ ಕಡಿಮೆ. "ಜನೌಷಧಿ ಸುಗಮ್" ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಮತ್ತು ಮಾತ್ರೆಯ ದರ ನೋಡಿಕೊಳ್ಳಬಹುದು. ಹೊರಡುವ ಮುಂಚೆ ಕೇಂದ್ರಕ್ಕೆ ಫೋನ್ ಮಾಡಿ ಸ್ಟಾಕ್ ಕೇಳಿ, ಮಾನಸಿಕ ಕಾಯಿಲೆಯ ಮಾತ್ರೆಗಳು ಎಲ್ಲ ಕೇಂದ್ರಗಳಲ್ಲೂ ಸದಾ ಇರುವುದಿಲ್ಲ. ಸ್ಟ್ರಿಪ್ ಕೈಗೆ ಬಂದಾಗ ಹಿಂಬದಿ ಓದಿ: "ಎಸ್ಸಿಟಾಲೊಪ್ರಾಮ್ ಆಕ್ಸಲೇಟ್, ಎಸ್ಸಿಟಾಲೊಪ್ರಾಮ್ 10 ಮಿ.ಗ್ರಾಂಗೆ ಸಮ" ಎಂಬ ಅರ್ಥದ ಸಾಲು ಇರಬೇಕು. ಬರೀ "ಸಿಟಾಲೊಪ್ರಾಮ್" ಎಂದಿದ್ದರೆ ವಾಪಸ್ ಕೊಡಿ, ಅದು ಬೇರೆ ಔಷಧ, ಅದರ ಡೋಸ್ ಲೆಕ್ಕವೇ ಬೇರೆ. ಮಾತ್ರೆಯ ಬಣ್ಣ, ಆಕಾರ ಬದಲಾಗಿರುವುದಕ್ಕೆ ಹೆದರಬೇಡಿ, ಒಳಗಿನ ಔಷಧ ಅದೇ. ಬದಲಾಯಿಸಿದ ಮೇಲೆ ಎರಡು ಮೂರು ವಾರದಲ್ಲಿ ನಿಜವಾಗಿ ವ್ಯತ್ಯಾಸ ಕಂಡರೆ ಡಾಕ್ಟರಿಗೆ ತಿಳಿಸಿ.

ಇಲ್ಲಿ ಜನ ಎಡವುವ ಒಂದು ಜಾಗವಿದೆ. ಹಳೆಯ ಕಾಂಬಿನೇಷನ್ ಸ್ಟ್ರಿಪ್ ಡಬ್ಬಿಯಲ್ಲಿ ಉಳಿದಿರುತ್ತದೆ, ಹೊಸ ಬಿಡಿ ಮಾತ್ರೆಗಳೂ ಬಂದಿರುತ್ತವೆ, ರಾತ್ರಿ ಎರಡನ್ನೂ ನುಂಗಿಬಿಡುತ್ತಾರೆ. ಡೋಸ್ ದುಪ್ಪಟ್ಟಾಗಿ ಮಾರನೆಯ ಬೆಳಿಗ್ಗೆ ಏಳಲಾಗುವುದಿಲ್ಲ. ಹಳೆಯದನ್ನು ಮುಗಿಸಿ ಹೊಸದಕ್ಕೆ ಹೋಗಿ, ಇಲ್ಲವೇ ಹಳೆಯದನ್ನು ಬೇರೆ ಕಡೆ ಎತ್ತಿಡಿ.

ಅರ್ಧ ಮಾಡಿ ನುಂಗುವ ಉಪಾಯವೂ ಇದೆ. 20 ಮಿ.ಗ್ರಾಂ ಮಾತ್ರೆಯ ಬೆಲೆ ಸಾಮಾನ್ಯವಾಗಿ 10ರದ್ದರ ದುಪ್ಪಟ್ಟು ಇರುವುದಿಲ್ಲ. ಡಾಕ್ಟರು ಒಪ್ಪಿ ಚೀಟಿಯಲ್ಲೇ "20 ಮಿ.ಗ್ರಾಂ, ದಿನಕ್ಕೆ ಅರ್ಧ" ಎಂದು ಬರೆದರೆ, ನಡುವೆ ಗೀರು ಇರುವ ಮಾತ್ರೆಯನ್ನು ಕಟ್ಟರ್‌ನಿಂದ ಅರ್ಧ ಮಾಡಬಹುದು. ಇಡೀ ಸ್ಟ್ರಿಪ್ ಒಮ್ಮೆಗೇ ಕತ್ತರಿಸಿಡಬೇಡಿ, ಪುಡಿಯಾಗುತ್ತದೆ. ಕ್ಯಾಪ್ಸೂಲ್ ಮತ್ತು ಹೆಸರಿನ ಮುಂದೆ ಎಸ್ಆರ್, ಸಿಆರ್, ಎಕ್ಸ್ಆರ್ ಎಂದಿರುವ ಮಾತ್ರೆಗಳಿಗೆ ಈ ಉಪಾಯ ಸಲ್ಲದು. ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಗೇ ಹೊಟ್ಟೆಗೆ ಸುರಿಯುತ್ತದೆ.

ಈಗ ಸರ್ಕಾರಿ ಆಸ್ಪತ್ರೆ. ನಮ್ಮ ಮಟ್ಟಿಗೆ ನಿಮಗೆ ಇದೇ ಸರಿಯಾದ ದಾರಿ. ಮೇಲೆ ಹೇಳಿದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಕಲಂ ಪ್ರಕಾರ, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧ ಪಟ್ಟಿಯ ಮಾತ್ರೆಗಳನ್ನು ಮಾನಸಿಕ ಕಾಯಿಲೆ ಇರುವ ಎಲ್ಲರಿಗೂ ಉಚಿತವಾಗಿ ಕೊಡಬೇಕು. ಇದಕ್ಕೆ ಬಿಪಿಎಲ್ ಕಾರ್ಡ್ ಕಡ್ಡಾಯವಲ್ಲ. ಈ ಚಿಕಿತ್ಸೆಯನ್ನು ಊರುಗಳಿಗೆ ತಲುಪಿಸುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲವೇ ನಮ್ಮ ಬಳ್ಳಾರಿ. ನಿಮ್ಹಾನ್ಸ್ 1980ರ ದಶಕದಲ್ಲಿ ಅಲ್ಲಿ ನಡೆಸಿದ ಪ್ರಯೋಗವನ್ನೇ 1996ರಲ್ಲಿ ದೇಶಕ್ಕೆ ವಿಸ್ತರಿಸಿದರು. ಕರ್ನಾಟಕದಲ್ಲಿ "ಮನೋಚೈತನ್ಯ" ಹೆಸರಿನಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಮಂಗಳವಾರದ ಕ್ಲಿನಿಕ್ ಎಂದೇ ಇದು ಶುರುವಾಯಿತು. ಯಾವ ವಾರ, ಎಷ್ಟು ಗಂಟೆಗೆ ಎಂಬುದನ್ನು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿ ಹೋಗಿ.

ಹೋಗುವಾಗ ಆಧಾರ್, ರೇಷನ್ ಕಾರ್ಡ್, ತುಮಕೂರಿನ ಹಳೆಯ ಚೀಟಿಗಳು, ಖಾಲಿ ಸ್ಟ್ರಿಪ್ ಇಟ್ಟುಕೊಂಡಿರಿ. ಸ್ಟ್ರಿಪ್ ಇದ್ದರೆ ಡೋಸಿನ ಬಗ್ಗೆ ಗೊಂದಲವೇ ಇರುವುದಿಲ್ಲ. ಅಲ್ಲಿ ಎಸ್ಸಿಟಾಲೊಪ್ರಾಮ್ ಖಾಲಿಯಾಗಿ ಫ್ಲುಯಾಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಮಾತ್ರ ಇರುವ ಸಂದರ್ಭಗಳೂ ಬರುತ್ತವೆ. ಫ್ಲುಯಾಕ್ಸೆಟಿನ್‌ಗೆ ಬದಲಾಯಿಸಬಹುದು, ಹೇಗೆ ಎಂಬುದನ್ನು ಮನೋವೈದ್ಯರೇ ಹೇಳಬೇಕು. ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತದೆ, ಮಂಪರು ತರುತ್ತದೆ. ದಿನವಿಡೀ ಮಷಿನ್ ಮುಂದೆ ಕೂರುವ ನಿಮಗೆ ಅದು ಕಷ್ಟ, ಆ ಮಾತನ್ನು ಮೊದಲೇ ಹೇಳಿ. ಚೆನ್ನಾಗಿ ಹೊಂದಿಕೊಂಡ ಮಾತ್ರೆಯನ್ನು ಸ್ಟಾಕ್ ಇಲ್ಲವೆಂಬ ಕಾರಣಕ್ಕೆ ಬದಲಿಸುವುದಕ್ಕಿಂತ, ಆ ತಿಂಗಳು ಜನೌಷಧಿಯಿಂದ ಕೊಳ್ಳುವುದು ಮೇಲು. ಮನೆಯಲ್ಲಿ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನ ಕಂತಿಗೆ ಹೋಗಿ. ಕೊನೆಯ ಮಾತ್ರೆ ನುಂಗಿ ಹೋದ ದಿನವೇ ಡಾಕ್ಟರು ರಜೆಯಲ್ಲಿರುತ್ತಾರೆ.

ಎಷ್ಟು ಕಾಲ ಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೂರ್ತಿ ಹುಷಾರಾದ ಮೇಲೂ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಮಧ್ಯೆ ಬಿಟ್ಟು ಕಾಯಿಲೆ ಮರುಕಳಿಸಿದರೆ ಈ ಲೆಕ್ಕ ಮತ್ತೆ ಮೊದಲಿನಿಂದ ಶುರು. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲೇ ಒಮ್ಮೆ ಕೇಳಿ ಮಾಡಿಸಿ. ಥೈರಾಯ್ಡ್ ಹೆಚ್ಚಾದಾಗಲೂ ಎದೆ ಡವಡವ, ನಿದ್ದೆಗೇಡು ಬರುತ್ತವೆ.

ಮಾತ್ರೆಯ ಜೊತೆಗೆ ಆಪ್ತ ಸಮಾಲೋಚನೆ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ: 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಎನ್ನುವಂಥ ಯೋಚನೆ ಬಂದರೆ ಕ್ಲಿನಿಕ್ ದಿನಕ್ಕೆ ಕಾಯದೆ ಈ ನಂಬರಿಗೆ ಕರೆ ಮಾಡಿ, ಮನೆಯವರನ್ನು ಜೊತೆಗೆ ಕರೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. ಉಚಿತ ಮಾತ್ರೆ "ಇಲ್ಲ" ಎಂಬ ಉತ್ತರ ಪದೇ ಪದೇ ಬಂದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಪುಟದ ಅರ್ಜಿ ಕೊಡಿ. ಮಾತ್ರೆಯ ಹೆಸರು, ಯಾವ ಯಾವ ದಿನ ಸಿಗಲಿಲ್ಲ ಎಂಬುದು ಮತ್ತು 18ನೇ ಕಲಂ ಅದರಲ್ಲಿರಲಿ. ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇರಲಿ.