ಕೊಂಬಿನದೋ ಸೆಲ್ಯುಲಾಯ್ಡ್‌ನದೋ? ಮೊದಲು ಉಜ್ಜಿ ಮೂಸಿ ನೋಡಿ

ಮಲೇಷ್ಯಾದ ಪೆನಾಂಗ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಜೊತೆ ಚಾಪ್‌ಸ್ಟಿಕ್ ಕೊಂಡಿದ್ದೀರಿ. ಒಂದು ಜೊತೆ ಕಪ್ಪು, ಇನ್ನೊಂದು ಕೆನೆ ಬಣ್ಣ. ಎರಡಕ್ಕೂ ಇನ್ನೂರು ವರ್ಷ ಅಂತ ಅಂಗಡಿಯವರು ಹೇಳಿದ್ದಾರೆ. ಯಾವುದು ಕೊಂಬು, ಯಾವುದು ಪ್ಲಾಸ್ಟಿಕ್, ಕಾದ ಸೂಜಿ ಚುಚ್ಚಿ ನೋಡಲಾ, ಹೇಗೆ ಸರಿ ಮಾಡಲಿ ಎಂದು ಕೇಳಿದ್ದೀರಿ.

ದಯವಿಟ್ಟು ಸೂಜಿ ಕಾಯಿಸಬೇಡಿ. ಕೆನೆ ಬಣ್ಣದ್ದು ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕೊಂಬಾಗಿದ್ದರೆ ಒಂದು ಕರಿ ಚುಕ್ಕೆ ಶಾಶ್ವತವಾಗಿ ಉಳಿಯುತ್ತದೆ.

ಅದರ ಬದಲು ಕೆನೆ ಬಣ್ಣದ ಕಡ್ಡಿಯನ್ನು ಹೆಬ್ಬೆರಳಿನಿಂದ ಒಂದೇ ಜಾಗದಲ್ಲಿ ಜೋರಾಗಿ ಉಜ್ಜಿ. ಬೆರಳು ಬಿಸಿಯಾದ ಕೂಡಲೇ ಮೂಸಿ. ದೇವರ ಮನೆಯ ಕರ್ಪೂರದ ಡಬ್ಬಿ ಮುಚ್ಚಳ ತೆಗೆದ ಹಾಗೆ ಬಂತಾ? ಹಾಗಾದರೆ ಅದು ಸೆಲ್ಯುಲಾಯ್ಡ್. ಅದನ್ನು ಮಾಡುವುದೇ ನೈಟ್ರೋಸೆಲ್ಯುಲೋಸ್‌ಗೆ, ಅಂದರೆ ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯಂಥ ನಾರಿಗೆ, ಕರ್ಪೂರ ಬೆರೆಸಿ. ಅಮೆರಿಕದ ಹಯಾಟ್ ಸಹೋದರರು ಇದಕ್ಕೆ ಪೇಟೆಂಟ್ ಪಡೆದದ್ದು 1870ರಲ್ಲಿ. ಅಂದಮೇಲೆ ಇನ್ನೂರು ವರ್ಷದ ಮಾತು ಅಲ್ಲಿಗೇ ಮುಗಿಯಿತು. ಆ ಕಾಲಕ್ಕೆ ಕರ್ಪೂರದ ದೊಡ್ಡ ಪಾಲು ಬರುತ್ತಿದ್ದದ್ದು ತೈವಾನ್‌ನ ಕಾಡುಗಳಿಂದ. 1895ರಲ್ಲಿ ಆ ದ್ವೀಪ ಜಪಾನಿನ ಕೈಸೇರಿತು, ಮುಂದೆ ಜಪಾನ್ ಸೆಲ್ಯುಲಾಯ್ಡ್ ಸಾಮಾನಿಗೆ ಹೆಸರಾಯಿತು. ನನಗಂತೂ ಆ ಪರಿಮಳ ಬಂದಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ಆನೆದಂತ ಇರಬಹುದಾ ಎಂಬ ಅನುಮಾನ ಬಂದರೆ ಕಡ್ಡಿಯ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಒಂದನ್ನೊಂದು ಕತ್ತರಿಸುವ ಬಾಗಿದ ಗೆರೆಗಳಿದ್ದರೆ ದಂತ. ಉದ್ದಕ್ಕೂ ನೇರವಾಗಿ, ಒಂದೇ ಅಂತರದಲ್ಲಿ ಪಟ್ಟೆ ಎಳೆದ ಹಾಗಿದ್ದರೆ ದಂತದ ನಕಲಿ ಪ್ಲಾಸ್ಟಿಕ್. ದಂತವೇ ಆಗಿದ್ದರೆ ಊರಿಗೆ ತರಬೇಡಿ. ಭಾರತದಲ್ಲಿ ಅದರ ವ್ಯಾಪಾರ ಕಾನೂನಿಗೆ ವಿರುದ್ಧ.

ಕಪ್ಪು ಜೊತೆಗೆ ಮೊಬೈಲ್ ಟಾರ್ಚ್ ಸಾಕು. ತೆಳು ತುದಿಯ ಹಿಂದೆ ಬೆಳಕು ಹಿಡಿಯಿರಿ. ಎಮ್ಮೆ ಕೊಂಬಾದರೆ ಅಂಚಿನಲ್ಲಿ ಬೆಲ್ಲದ ಪಾಕದಂಥ ಕೆಂಪು ಕಂದು ಕಾಣಬಹುದು. ಒಳಗೆ ಉದ್ದುದ್ದ ಎಳೆಗಳಿರುತ್ತವೆ, ಒಂದು ಎಳೆ ಇನ್ನೊಂದರ ಹಾಗಿರುವುದಿಲ್ಲ. ಸಣ್ಣ ಹುಳು ತೂತು ಕಂಡರೆ ಬೇಜಾರಾಗಬೇಡಿ, ಅದೂ ಒಂದು ಸಾಕ್ಷಿಯೇ. ನಮ್ಮ ಉಗುರು, ಕೂದಲಿನ ಥರ ಕೊಂಬೂ ಕೆರಾಟಿನ್ ಎಂಬ ಪ್ರೋಟೀನ್. ಹುಳು ಅದನ್ನು ತಿನ್ನುತ್ತದೆ, ಪ್ಲಾಸ್ಟಿಕ್ ಮುಟ್ಟುವುದು ಕಡಿಮೆ.

ಇನ್ನು ಸರಿ ಮಾಡುವ ವಿಚಾರ. ಮೊದಮೊದಲು ನಾನು ಒಂದು ಕೊಂಬಿನ ಜೊತೆಯನ್ನು ರಾತ್ರಿಯಿಡೀ ಸೋಪಿನ ನೀರಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ತುದಿಗಳು ಬಿಳುಚಿಕೊಂಡು ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಟ್ಟಿದ್ದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿಬಿಡಿ. ಕೊನೆಗೆ ಜೇನುಮೇಣವನ್ನು ತೀರಾ ತೆಳ್ಳಗೆ ಸವರಿ ಉಜ್ಜಿದರೆ ಹೊಳಪು ತಾನಾಗಿ ಬರುತ್ತದೆ. ಕೊಬ್ಬರಿ ಎಣ್ಣೆ ಬೇಡ, ಧೂಳು ಹಿಡಿಯುತ್ತದೆ. ಕಡ್ಡಿ ಸ್ವಲ್ಪ ಬಾಗಿದ್ದರೆ ಹಾಗೇ ಬಿಡಿ. ಬಿಸಿಗೆ ಕೊಂಬು ಮೆತ್ತಗಾಗುವುದು ನಿಜ, ಆದರೆ ಹಳೇ ಕೊಂಬು ನೆಟ್ಟಗಾಗುವ ಮೊದಲೇ ಸೀಳಬಹುದು.

ಸೆಲ್ಯುಲಾಯ್ಡ್‌ಗೆ ಒದ್ದೆ ಬಟ್ಟೆಗಿಂತ ಜಾಸ್ತಿ ಏನೂ ಬೇಡ. ಸ್ಪಿರಿಟ್, ನೇಲ್ ಪಾಲಿಶ್ ತೆಗೆಯುವ ದ್ರವ ಮುಟ್ಟಿಸಿದರೆ ಮೇಲ್ಮೈ ಕರಗುತ್ತದೆ. ಬಿರುಕು ಬಿಟ್ಟ ಗಾಜಿನ ಹಾಗೆ ಒಳಗೇ ಸಣ್ಣ ಬಿರುಕುಗಳು ಕಂಡರೆ, ಕೈಗೆ ಅಂಟಂಟಾದರೆ, ಅಥವಾ ಕಡ್ಡಿಯ ಸುತ್ತ ಲೋಹದ ಬಳೆಯಿದ್ದು ಅದು ಹಸಿರುಗಟ್ಟಿದ್ದರೆ ಸೆಲ್ಯುಲಾಯ್ಡ್ ಕೊಳೆಯಲು ಶುರುವಾಗಿದೆ ಅಂತ ತಿಳಿಯಿರಿ. ಆಗ ಬರುವ ಆಮ್ಲದ ಆವಿ ಪಕ್ಕದ ವಸ್ತುವನ್ನೂ ಕೆಡಿಸುತ್ತದೆ. ಆದ್ದರಿಂದ ಎರಡು ಜೊತೆಯನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಸೆಲ್ಯುಲಾಯ್ಡ್‌ನದನ್ನು ಗಾಳಿಯಾಡುವ ಕಾಗದದ ಪೆಟ್ಟಿಗೆಯಲ್ಲಿ ಹಾಕಿ ಬಿಸಿಲು, ಒಲೆ, ದೀಪದಿಂದ ದೂರ ತಂಪಾದ ಕಡೆ ಇಡಿ. ಎರಡರಲ್ಲೂ ಊಟ ಮಾಡಬೇಡಿ.

ಉಜ್ಜಿದಾಗ ಏನು ವಾಸನೆ ಬಂತು, ತುದಿಯಲ್ಲಿ ಏನು ಕಂಡಿತು ಅಂತ ಬರೆಯಿರಿ, ಹಗಲು ಬೆಳಕಿನ ಒಂದು ಫೋಟೋನೂ ಹಾಕಿ. ನೋಡಿ ಹೇಳುತ್ತೇನೆ.