ಎಂಜಿನ್ ಆಯಿಲ್, ಗ್ರೀಸ್‌ಗಳಿಗೆ ಅಡಿಟಿವ್ (ಗುಣ ಹೆಚ್ಚಿಸುವ ರಾಸಾಯನಿಕ) ಯಾಕೆ ಸೇರಿಸುತ್ತಾರೆ? ಅವು ಹೇಗೆ ಕೆಲಸ ಮಾಡುತ್ತವೆ?

ಬರೀ ಬೇಸ್ ಆಯಿಲ್‌ಗೂ, ಅಂದರೆ ಏನೂ ಬೆರೆಸದ ಮೂಲ ಎಣ್ಣೆಗೂ, ಜಾರಿಸುವ ಗುಣವಿದೆ. ಆದರೆ ಬಿಸಿ, ಒತ್ತಡ, ಮಸಿ, ಆಮ್ಲಗಳ ಮುಂದೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ.

ಅಡಿಟಿವ್‌ಗಳಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಸವೆತ ತಡೆಯುವ ಜಡ್‌ಡಿಡಿಪಿ. ಸತು, ರಂಜಕ, ಗಂಧಕ ಇರುವ ಸಂಯುಕ್ತ ಇದು. ಎಂಜಿನ್‌ನ ವಾಲ್ವ್ ತೆರೆಸುವ ಭಾಗಗಳಾದ ಕ್ಯಾಮ್ ಮತ್ತು ಟ್ಯಾಪೆಟ್ ಬಲವಾಗಿ ಉಜ್ಜುವಲ್ಲಿ ಎಣ್ಣೆಯ ಪದರ ತೆಳುವಾಗಿ ಲೋಹಕ್ಕೆ ಲೋಹ ತಾಗುತ್ತದೆ. ಆ ಬಿಸಿಗೆ, ಒತ್ತಡಕ್ಕೆ ಜಡ್‌ಡಿಡಿಪಿ ಒಡೆದು ಉಕ್ಕಿನ ಮೇಲೆ ಗಾಜಿನಂಥ ಫಾಸ್ಫೇಟ್ ಪದರ ಕಟ್ಟುತ್ತದೆ. ದಪ್ಪ ಸುಮಾರು 100 ನ್ಯಾನೊಮೀಟರ್ ಅಷ್ಟೇ. ಮೊದಲು ಸವೆಯುವುದು ಆ ಪದರ, ಉಕ್ಕಲ್ಲ. ಸವೆದಂತೆಲ್ಲ ಮತ್ತೆ ಕಟ್ಟಿಕೊಳ್ಳುತ್ತದೆ.

ಡಿಟರ್ಜೆಂಟ್ ಎಂಬ ಅಡಿಟಿವ್ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಡಿಸ್ಪರ್ಸೆಂಟ್ ಎಂಬುದು ಮಸಿಯ ಕಣಗಳನ್ನು ಗಸಿಯಾಗಲು ಬಿಡದೆ ತೇಲಿಸಿಡುತ್ತದೆ. ಹಾಗಾಗಿ ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ಚಳಿ, ಬಿಸಿ ಎರಡಕ್ಕೂ ಹೊಂದುವ ಮಲ್ಟಿಗ್ರೇಡ್ ಆಯಿಲ್‌ನ ಪಾಲಿಮರ್‌ಗಳು (ಉದ್ದ ಸರಪಳಿಯಂಥ ಅಣುಗಳು) ತಣ್ಣಗಿದ್ದಾಗ ಮುದುಡಿ, ಬಿಸಿಯಾದಾಗ ಬಿಚ್ಚಿಕೊಂಡು, ಎಣ್ಣೆ ತೀರಾ ನೀರಾಗದಂತೆ ನೋಡಿಕೊಳ್ಳುತ್ತವೆ.

ಗ್ರೀಸ್‌ಗೆ ಸೇರಿಸುವ ಮಾಲಿಬ್ಡಿನಂ ಡೈಸಲ್ಫೈಡ್‌ನ ಪದರಗಳು ಇಸ್ಪೀಟ್ ಎಲೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಭಾರ ಹೆಚ್ಚು, ಚಲನೆ ನಿಧಾನ ಇರುವ ಕೀಲುಗಳಿಗೆ ಇದು ಬಹಳ ಒಳ್ಳೆಯದು.

ದಯವಿಟ್ಟು ಬೇರೆ ಬಾಟಲಿಯ ಅಡಿಟಿವ್ ತಂದು ಸುರಿಯಬೇಡಿ. ಲೋಹದ ಮೇಲ್ಮೈಗಾಗಿ ಇವು ಪರಸ್ಪರ ಪೈಪೋಟಿ ನಡೆಸುತ್ತವೆ, ಒಂದರ ಕೆಲಸವನ್ನು ಇನ್ನೊಂದು ಕೆಡಿಸಬಹುದು.